ಆಟದ ರಾಕೆಟ್ಟು, ನಿಜದ ಕಕ್ಷೆ

ಕೇಳುಗರಿಗೆ ನಮಸ್ಕಾರ.

ಬಾಹ್ಯಾಕಾಶ ನೌಕೆಗಳನ್ನು ಓಡಿಸುವ ಕಂಪ್ಯೂಟರ್ ಆಟಗಳಿಗೆ ಬರವಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ವಿಮಾನದ ಆಟಕ್ಕೆ ನಕ್ಷತ್ರಗಳ ಪರದೆ ಕಟ್ಟಿದಂಥವು. ಅಲ್ಲಿ ಎಂಜಿನ್ ಆರಿದರೆ ನೌಕೆ ನಿಲ್ಲುತ್ತದೆ, ಮೂತಿ ತಿರುಗಿಸಿದ ಕಡೆಗೆ ದಾರಿಯೂ ತಿರುಗುತ್ತದೆ. ನಾನು ಈಗ ಹೇಳಹೊರಟಿರುವುದು ನ್ಯೂಟನ್ನನ ನಿಯಮಗಳಿಗೆ ತಲೆಬಾಗಿ ನಡೆಯುವ ಕೆಲವೇ ಆಟಗಳ ವಿಚಾರ. ಅವುಗಳಲ್ಲಿ ಮುಖ್ಯವಾದದ್ದು ಮೆಕ್ಸಿಕೊದ ಸ್ಕ್ವಾಡ್ ಸಂಸ್ಥೆ 2011ರಲ್ಲಿ ಮೊದಲು ಹೊರತಂದು 2015ರಲ್ಲಿ ಪೂರ್ಣಗೊಳಿಸಿದ ಕರ್ಬಲ್ ಸ್ಪೇಸ್ ಪ್ರೋಗ್ರಾಂ. ಈ ಆಟ ತನ್ನ ಲೋಕವನ್ನು ಕುಗ್ಗಿಸಿತು, ಆದರೆ ಆ ಲೋಕವನ್ನು ಆಳುವ ನಿಯಮಗಳನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡಿತು. ಅದರ ಗುಣವೆಲ್ಲ ಈ ಆಯ್ಕೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಆಟದ ಗ್ರಹವಾದ ಕರ್ಬಿನ್‌ನ ತ್ರಿಜ್ಯ ಕೇವಲ 600 ಕಿಲೋಮೀಟರು. ನಮ್ಮ ಭೂಮಿಯದು ಸುಮಾರು 6,371. ಹಾಗಿದ್ದೂ ಅದರ ನೆಲದ ಮೇಲಿನ ಗುರುತ್ವ ಭೂಮಿಯಷ್ಟೇ ಇದೆ. ಲೆಕ್ಕ ಹಾಕಿದರೆ ಆ ಗ್ರಹವನ್ನು ನಾವು ಬಲ್ಲ ಯಾವ ಲೋಹದಿಂದಲೂ ಮಾಡಲಾಗದು, ಅಷ್ಟು ಸಾಂದ್ರವಾದದ್ದು ಅದು! ಈ ಕುಗ್ಗಿಸುವಿಕೆಯಿಂದ ಆದ ಉಪಕಾರವೇನೆಂದರೆ, ವಾತಾವರಣವು 70 ಕಿಲೋಮೀಟರಿಗೆ ಮುಗಿಯುತ್ತದೆ ಮತ್ತು ಕೆಳಕಕ್ಷೆಯಲ್ಲಿ ಸುತ್ತಲು ಸೆಕೆಂಡಿಗೆ ಸುಮಾರು 2,300 ಮೀಟರ್ ವೇಗ ಸಾಕಾಗುತ್ತದೆ. ಭೂಮಿಯ ಕೆಳಕಕ್ಷೆಗೆ ಬೇಕಾಗುವುದು ಸುಮಾರು 7,800 ಮೀಟರ್. ಹೊಸ ಆಟಗಾರನು ರಾಕೆಟ್ಟನ್ನು ನೆಟ್ಟಗೆ ಮೇಲಕ್ಕೆ ಹಾರಿಸಿ, ನೂರು ಕಿಲೋಮೀಟರ್ ದಾಟಿ, ಅದು ಮತ್ತೆ ಕೆಳಗೆ ಬಿದ್ದಾಗ ದಿಗಿಲುಗೊಳ್ಳುತ್ತಾನೆ. ಎತ್ತರ ಬರಿಯ ಗಾಳಿಯಿಂದ ತಪ್ಪಿಸಿಕೊಳ್ಳುವುದಕ್ಕೆ; ಬೀಳುತ್ತಲೇ ನೆಲವನ್ನು ತಪ್ಪಿಸುವಷ್ಟು ಅಡ್ಡವೇಗ ಬಂದಾಗ ಮಾತ್ರ ಕಕ್ಷೆ ಕೈಗೂಡುತ್ತದೆ.

ಇನ್ನು ರಾಕೆಟ್ ಕಟ್ಟುವ ಕೆಲಸ. ಇದಕ್ಕೆ ಆಧಾರ 1903ರಲ್ಲಿ ರಷ್ಯದ ತ್ಸಿಯೋಲ್ಕೊವ್‌ಸ್ಕಿ ಪ್ರಕಟಿಸಿದ ಸಮೀಕರಣ. ಒಂದು ರಾಕೆಟ್ಟು ತನ್ನ ವೇಗವನ್ನು ಒಟ್ಟು ಎಷ್ಟು ಬದಲಿಸಿಕೊಳ್ಳಬಲ್ಲುದು, ಅಂದರೆ ಆಟಗಾರರ ಬಾಯಲ್ಲಿ ಸದಾ ಇರುವ ಅದರ ಡೆಲ್ಟಾ-ವಿ ಎಷ್ಟು ಎಂಬುದು ಎರಡೇ ಸಂಗತಿಗಳಿಂದ ತೀರ್ಮಾನವಾಗುತ್ತದೆ: ಎಂಜಿನ್ನು ಅನಿಲವನ್ನು ಹಿಂದಕ್ಕೆ ಉಗುಳುವ ವೇಗ, ಮತ್ತು ಇಂಧನ ತುಂಬಿದ ತೂಕಕ್ಕೂ ಬರಿದಾದ ತೂಕಕ್ಕೂ ಇರುವ ಅನುಪಾತ. ಅನಿಲದ ವೇಗ ಸೆಕೆಂಡಿಗೆ 3,000 ಮೀಟರ್ ಎಂದಿಟ್ಟುಕೊಳ್ಳೋಣ. ಗಾಳಿಯ ತಡೆ ಮತ್ತು ಗುರುತ್ವದ ನಷ್ಟಗಳನ್ನು ಸೇರಿಸಿದರೆ ಕರ್ಬಿನ್‌ನ ಕಕ್ಷೆಗೆ ಸುಮಾರು 3,400 ಮೀಟರ್ ಡೆಲ್ಟಾ-ವಿ ಬೇಕು. ಆಗ ಉಡಾವಣೆಯ ತೂಕದ ಮೂರನೇ ಒಂದು ಪಾಲು ಮೇಲೆ ತಲುಪುತ್ತದೆ. ಭೂಮಿಯಿಂದಾದರೆ ಸುಮಾರು 9,400 ಮೀಟರ್ ಬೇಕು, ಮತ್ತು ತಲುಪುವುದು ಇಪ್ಪತ್ತಮೂರನೇ ಒಂದು ಪಾಲು ಮಾತ್ರ. ಆ ಒಂದು ಪಾಲಿನಲ್ಲೇ ಟ್ಯಾಂಕು, ಎಂಜಿನ್ನು, ಹೊತ್ತ ಸಾಮಾನು ಎಲ್ಲವೂ ಅಡಗಬೇಕು. ಅಗತ್ಯವಾದ ವೇಗ ಮೂರುಪಟ್ಟಿಗೂ ಕಡಿಮೆ ಏರಿದರೂ ಅನುಪಾತ ಏಳುಪಟ್ಟಿಗಿಂತ ಹೆಚ್ಚಾಯಿತು. ಈ ಸಮೀಕರಣದ ಕ್ರೌರ್ಯ ಅರ್ಥವಾಗುವುದು ಇಲ್ಲಿಯೇ. ಆಟವನ್ನು ಕಟ್ಟಿದವರು ಕುಗ್ಗಿದ ಗ್ರಹದ ಅನುಕೂಲ ಅತಿಯಾಗದಂತೆ ಟ್ಯಾಂಕುಗಳನ್ನು ಭಾರವಾಗಿಸಿದ್ದಾರೆ. ಅಲ್ಲಿ ಬರಿದಾದ ಟ್ಯಾಂಕಿನ ತೂಕ ತುಂಬಿದ್ದರ ಒಂಬತ್ತನೇ ಒಂದು ಭಾಗ, ನಿಜವಾದ ಟ್ಯಾಂಕುಗಳು ಇದಕ್ಕಿಂತ ಬಹಳ ಹಗುರ.

ಆದ್ದರಿಂದಲೇ ಹಂತಗಳು, ಅಂದರೆ ಇಂಧನ ತೀರಿದೊಡನೆ ಕಳಚಿಬೀಳುವ ರಾಕೆಟ್ಟಿನ ಭಾಗಗಳು, ಬೇಕಾಗುತ್ತವೆ. ಬರಿದಾದ ಟ್ಯಾಂಕನ್ನು ಹೊತ್ತೊಯ್ಯುವುದು ದಂಡ. ಅಕ್ಕಪಕ್ಕದ ಟ್ಯಾಂಕುಗಳಿಂದ ನಡುವಿನದಕ್ಕೆ ಇಂಧನ ಹರಿಸುತ್ತ, ಜೋಡಿಜೋಡಿಯಾಗಿ ಬರಿದಾದವನ್ನು ಕಳಚುವ ಒಂದು ಜೋಡಣೆಗೆ ಆಟಗಾರರು ಆಸ್ಪರಾಗಸ್ ಎಂದು ಹೆಸರಿಟ್ಟಿದ್ದಾರೆ. ಅಮೆರಿಕದ ಸ್ಪೇಸ್ಎಕ್ಸ್ ಸಂಸ್ಥೆಯ ಫಾಲ್ಕನ್ ಹೆವಿ ರಾಕೆಟ್ಟಿಗೂ ಹೀಗೆ ಇಂಧನ ಹರಿಸುವ ಯೋಚನೆಯಿತ್ತು, ಆದರೆ 2018ರಲ್ಲಿ ಅದು ಹಾರಿದ್ದು ಆ ಏರ್ಪಾಡಿಲ್ಲದೆ. ಪರದೆಯ ಮೇಲೆ ಒಂದು ಕೊಳವೆ ಎಳೆಯುವುದು ಸುಲಭ, ಕಬ್ಬಿಣದಲ್ಲಿ ಕಷ್ಟ.

ಎಂಜಿನ್ನಿನ ಆಯ್ಕೆಯಲ್ಲಿಯೂ ಆಟ ಪ್ರಾಮಾಣಿಕವಾಗಿದೆ. ಟೆರಿಯರ್ ಎಂಬ ಪುಟ್ಟ ಎಂಜಿನ್ನಿನ ವಿಶಿಷ್ಟ ಆವೇಗ, ಅಂದರೆ ಇಂಧನದ ಮಿತವ್ಯಯದ ಅಳತೆ, ನಿರ್ವಾತದಲ್ಲಿ 345 ಸೆಕೆಂಡು. ಅದೇ ಎಂಜಿನ್ನನ್ನು ನೆಲಮಟ್ಟದಲ್ಲಿ ಹೊತ್ತಿಸಿದರೆ ಬರಿಯ 85. ನಿರ್ವಾತಕ್ಕೆಂದು ಅಗಲ ಮಾಡಿದ ನಳಿಕೆ ಗಾಳಿಯ ಒತ್ತಡದಲ್ಲಿ ಸೋಲುತ್ತದೆ ಎಂಬ ನಿಜವನ್ನು ಆಟಗಾರ ಈ ಎರಡು ಅಂಕಿಗಳಿಂದಲೇ ಕಲಿಯುತ್ತಾನೆ.

ಕಕ್ಷೆಯಲ್ಲಿ ಕಲಿಯುವ ಪಾಠಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಎರಡು ನೌಕೆಗಳನ್ನು ಕೂಡಿಸುವುದು. ನಿಮ್ಮ ಮುಂದೆ, ಅದೇ ಕಕ್ಷೆಯಲ್ಲಿ, ಇನ್ನೊಂದು ನೌಕೆ ಸಾಗುತ್ತಿದೆ. ಅದನ್ನು ಹಿಡಿಯಲು ಎಂಜಿನ್ ಹೊತ್ತಿಸಿ ಮುಂದಕ್ಕೆ ನುಗ್ಗಿದರೆ ನಿಮ್ಮ ಕಕ್ಷೆ ದೊಡ್ಡದಾಗಿ, ಒಂದು ಸುತ್ತಿಗೆ ಹೆಚ್ಚು ಹೊತ್ತು ಹಿಡಿದು, ನೀವು ಇನ್ನಷ್ಟು ಹಿಂದೆ ಬೀಳುತ್ತೀರಿ. ಮುಂದಿನದನ್ನು ಹಿಡಿಯಲು ವೇಗ ತಗ್ಗಿಸಬೇಕು, ಕೆಳಗಿಳಿಯಬೇಕು. ಭೂಮಿಯಿಂದ 400 ಕಿಲೋಮೀಟರ್ ಎತ್ತರದಲ್ಲಿ ಒಂದು ಸುತ್ತಿಗೆ ತೊಂಬತ್ತೆರಡೂವರೆ ನಿಮಿಷ. ಹತ್ತು ಕಿಲೋಮೀಟರ್ ಕೆಳಗಿನ ಕಕ್ಷೆಯಲ್ಲಿ ಸುಮಾರು 12 ಸೆಕೆಂಡು ಕಡಿಮೆ, ಅಂದರೆ ಪ್ರತಿ ಸುತ್ತಿಗೂ ತೊಂಬತ್ತು ಕಿಲೋಮೀಟರಿಗಿಂತ ಹೆಚ್ಚಿನ ಲಾಭ. 1965ರ ಜೂನ್‌ನಲ್ಲಿ ಅಮೆರಿಕದ ಜೆಮಿನಿ-4 ನೌಕೆಯಲ್ಲಿದ್ದ ಗಗನಯಾತ್ರಿ ಜೇಮ್ಸ್ ಮೆಕ್‌ಡಿವಿಟ್, ಕಳಚಿಬಿದ್ದ ತಮ್ಮ ರಾಕೆಟ್ಟಿನ ಮೇಲಿನ ಹಂತದತ್ತ ನೇರವಾಗಿ ಸಾಗಲು ಹೋಗಿ, ಇಂಧನ ಖರ್ಚಾಗುತ್ತ ಬಂದರೂ ಅದನ್ನು ತಲುಪಲಾಗದೆ ಪ್ರಯತ್ನ ಕೈಬಿಡಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಜೆಮಿನಿ-6ಎ, ಕೆಳಕಕ್ಷೆಯಿಂದ ಹಂತಹಂತವಾಗಿ ಏರಿ, ಜೆಮಿನಿ-7ರ ಸಮೀಪ ಬಂದಿತು. ಅಂದಿನ ಗಗನಯಾತ್ರಿಗಳ ಈ ಗೊಂದಲವನ್ನು ಇಂದಿನ ಹೈಸ್ಕೂಲು ವಿದ್ಯಾರ್ಥಿ ಒಂದು ಸಂಜೆಯಲ್ಲಿ ಅನುಭವಿಸಿ ದಾಟಬಲ್ಲ.

ಇನ್ನೊಂದು ಪಾಠ ಒಬರ್ತ್ ಪರಿಣಾಮದ್ದು. ನೌಕೆ ಗ್ರಹಕ್ಕೆ ಅತಿ ಹತ್ತಿರವಿದ್ದು ಅತಿ ವೇಗವಾಗಿರುವಾಗ ಎಂಜಿನ್ ಹೊತ್ತಿಸಿದರೆ ಅಷ್ಟೇ ಇಂಧನದಿಂದ ಹೆಚ್ಚು ಶಕ್ತಿ ದಕ್ಕುತ್ತದೆ. ಎಂಜಿನ್ ದುರ್ಬಲವಾಗಿದ್ದರೆ ಆ ಹೊತ್ತಿನೊಳಗೆ ಕೆಲಸ ಮುಗಿಯದು. ಆದ್ದರಿಂದ ಪ್ರತಿ ಸುತ್ತಿನಲ್ಲೂ ಸಮೀಪಬಿಂದುವಿಗೆ ಬಂದಾಗಲೆಲ್ಲ ಸ್ವಲ್ಪಸ್ವಲ್ಪ ಉರಿಸಬೇಕು. 2013ರ ನವೆಂಬರಿನಲ್ಲಿ ಹೊರಟ ಮಂಗಳಯಾನ 440 ನ್ಯೂಟನ್ ಬಲದ ಎಂಜಿನ್ನಿನಿಂದ ಮಾಡಿದ್ದು ಇದನ್ನೇ.

ಆಟ ಎಲ್ಲಿ ಕೈಬಿಡುತ್ತದೆ? ಗುರುತ್ವದ ಲೆಕ್ಕದಲ್ಲಿ ಅದು ಒಂದು ಹೊತ್ತಿಗೆ ಒಂದೇ ಕಾಯದ ಸೆಳೆತವನ್ನು ಪರಿಗಣಿಸುತ್ತದೆ. ಮುನ್ ಎಂಬ ಉಪಗ್ರಹದ ಪ್ರಭಾವವಲಯವನ್ನು ಹೊಕ್ಕ ಕ್ಷಣವೇ ಕರ್ಬಿನ್‌ನ ಸೆಳೆತ ಇಲ್ಲವಾಗುತ್ತದೆ. ಇದರಿಂದ ಮುಂದಿನ ದಾರಿಯನ್ನು ಗಣಕ ತಟ್ಟನೆ ಬಿಡಿಸಿ ತೋರಿಸಬಲ್ಲದು, ಕಾಲವನ್ನು ಲಕ್ಷಪಟ್ಟು ವೇಗವಾಗಿ ಓಡಿಸಬಲ್ಲದು. ಆದರೆ ಎರಡು ಕಾಯಗಳ ಸೆಳೆತ ಸೇರಿ ನೌಕೆಯನ್ನು ಅವುಗಳೊಡನೆಯೇ ಸಾಗುವಂತೆ ಮಾಡುವ ತಾಣಗಳು, ಅಂದರೆ ಲಗ್ರಾಂಜ್ ಬಿಂದುಗಳು, ಅಲ್ಲಿ ಹುಟ್ಟುವುದೇ ಇಲ್ಲ. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ಅಂಥ ಒಂದು ಬಿಂದುವನ್ನು ಸುತ್ತುತ್ತಿರುವ ವೆಬ್ ದೂರದರ್ಶಕದಂಥದನ್ನು ಅಲ್ಲಿ ನಿಲ್ಲಿಸಲು ಜಾಗವೇ ಇಲ್ಲ. ಈ ಕೊರತೆಯನ್ನು ಆಸಕ್ತರೇ ಬರೆದ ಪ್ರಿನ್ಸಿಪಿಯಾ ಎಂಬ ಮಾಡ್, ಅಂದರೆ ಆಟಕ್ಕೆ ಸೇರಿಸಿಕೊಳ್ಳುವ ಮಾರ್ಪಾಡು, ತುಂಬಿಕೊಡುತ್ತದೆ. ರಿಯಲಿಸಂ ಓವರ್‌ಹಾಲ್ ಎಂಬ ಮಾಡ್ ಸಮೂಹದಲ್ಲಿ ಎಂಜಿನ್ನುಗಳನ್ನು ಬೇಕೆಂದಷ್ಟು ಸಲ ಹೊತ್ತಿಸುವಂತಿಲ್ಲ. ತೂಕವಿಲ್ಲದ ಸ್ಥಿತಿಯಲ್ಲಿ ಟ್ಯಾಂಕಿನೊಳಗೆ ತೇಲುವ ಇಂಧನವನ್ನು ಪುಟ್ಟ ರಾಕೆಟ್ಟುಗಳ ತಳ್ಳಿಕೆಯಿಂದ ಮೊದಲು ತಳಕ್ಕೆ ಕೂರಿಸಿ, ಆಮೇಲೆ ಕಿಡಿ ಕೊಡಬೇಕು.

ಕಟ್ಟುವ ಗೋಜಿಲ್ಲದೆ ಹಾರಾಟವನ್ನಷ್ಟೇ ನಿಜದ ಅಳತೆಯಲ್ಲಿ ಅಭ್ಯಾಸ ಮಾಡಬಯಸುವವರಿಗೆ ಮಾರ್ಟಿನ್ ಶ್ವೈಗರ್ 2000ದಲ್ಲಿ ಹೊರತಂದ ಆರ್ಬಿಟರ್ ಎಂಬ ಕಂಪ್ಯೂಟರ್ ತಂತ್ರಾಂಶ ಇದೆ. ಅದು ಉಚಿತ, 2021ರಿಂದ ಅದರ ಮೂಲ ಸಂಕೇತವೂ ಮುಕ್ತ. ಅದರಲ್ಲಿ ಸಿದ್ಧವಾದ ನೌಕೆಗಳಿವೆ, ಉಪಕರಣಗಳ ಅಂಕಿಗಳನ್ನು ಓದಿ ಹಾರಿಸಬೇಕು, ಕೈಹಿಡಿದು ನಡೆಸುವವರಿಲ್ಲ. ಕರ್ಬಿನ್‌ನ ಸುತ್ತ ಎರಡು ನೌಕೆಗಳನ್ನು ಕೂಡಿಸಲು ಬಂದ ಮೇಲೆ ಅದಕ್ಕೆ ಕೈಹಾಕುವುದು ಒಳ್ಳೆಯದೆಂದು ನನಗನ್ನಿಸುತ್ತದೆ. ಅಷ್ಟರಲ್ಲಿ ಆ ಅಂಕಿಗಳಲ್ಲಿ ಯಾವುದನ್ನು ಮೊದಲು ನೋಡಬೇಕೆಂಬುದು ತಿಳಿದಿರುತ್ತದೆ.

ನಮಸ್ಕಾರ.