ಜೂನ್‌ನಲ್ಲಿ ಬರುವ ಯೂಲ್

ನಮಸ್ಕಾರ. ಮೆಲ್ಬರ್ನ್‌ನಲ್ಲಿ ಜೂನ್ 21 ಅಂದರೆ ಸಂಜೆ ಐದು ದಾಟುತ್ತಿದ್ದ ಹಾಗೆ ಸೂರ್ಯ ಮುಳುಗಿಬಿಡುತ್ತಾನೆ. ಮತ್ತೆ ಕಾಣುವುದು ಬೆಳಿಗ್ಗೆ ಏಳೂವರೆಗೆ. ವರ್ಷದ ಅತಿ ಉದ್ದದ ರಾತ್ರಿ ಅದು. ಕಳೆದ ವರ್ಷ ಆ ಸಂಜೆ ಪಕ್ಕದ ಮನೆಯವರು ಬೇಲಿಯಾಚೆಯಿಂದ ಕರೆದರು: "ಇವತ್ತು ಯೂಲ್ ಹಬ್ಬ, ಬಂದು ಹೋಗಿ." ಯೂಲ್ ಅಂದರೆ ಡಿಸೆಂಬರ್ ಅಲ್ವಾ, ಕ್ರಿಸ್‌ಮಸ್ ಹೊತ್ತಿಗೆ ಬರುವುದಲ್ವಾ ಎಂದುಕೊಂಡೇ ಹೋದೆ.

ಹಿತ್ತಲಲ್ಲಿ ಏಳೆಂಟು ಜನ ಇದ್ದರು. ಮೇಜಿನ ಮೇಲೆ ಒಂದು ಮೊಳದಷ್ಟು ಉದ್ದದ ರೆಡ್ ಗಮ್ ಮರದ ಕೊರಡು. ಅದರಲ್ಲಿ ಮೂರು ತೂತು ಕೊರೆದು ಮೇಣದ ಬತ್ತಿ ನಿಲ್ಲಿಸಿದ್ದರು. ಸುತ್ತ ನೀಲಗಿರಿ ಎಲೆ. ಮನೆಯ ದೀಪ ಎಲ್ಲಾ ಆರಿಸಿ ಸ್ವಲ್ಪ ಹೊತ್ತು ಕತ್ತಲಲ್ಲಿ ಸುಮ್ನೆ ಕೂತೆವು. ಯಾರೂ ಮಾತಾಡಲಿಲ್ಲ. ಆಮೇಲೆ ಅಲ್ಲಿದ್ದವರಲ್ಲಿ ಚಿಕ್ಕ ಹುಡುಗಿ ಮೊದಲ ಬತ್ತಿ ಹಚ್ಚಿದಳು. ಅದರಿಂದ ಎರಡನೆಯದು, ಅದರಿಂದ ಮೂರನೆಯದು. ಬೇಡವಾದದ್ದನ್ನು ಚೀಟಿಯಲ್ಲಿ ಬರೆದು ಬೆಂಕಿಗೆ ಹಾಕಿದೆವು. ಚಕ್ಕೆ, ಲವಂಗ ಹಾಕಿ ಕುದಿಸಿದ ಸೇಬಿನ ರಸ, ಜೊತೆಗೆ ಬ್ರೆಡ್ಡು. ಅಷ್ಟೇ ಹಬ್ಬ.

ಇವರು ವಿಕ್ಕಾ ಧರ್ಮದವರು. ಪ್ರಕೃತಿಯನ್ನೂ ಋತುಗಳನ್ನೂ ಪೂಜಿಸುವ ಹೊಸ ಕಾಲದ ಧರ್ಮ ಇದು. ತಮ್ಮನ್ನು 'ವಿಚ್' ಎಂದೇ ಕರೆದುಕೊಳ್ಳುತ್ತಾರೆ. ಆ ಮಾತು ಕೇಳಿದ ಕೂಡಲೇ ನಮ್ಮ ತಲೆಯಲ್ಲಿ ಮಾಟ, ಮಂತ್ರ, ನಿಂಬೆಹಣ್ಣು ಎಲ್ಲಾ ಬಂದುಬಿಡುತ್ತದೆ. ದಯವಿಟ್ಟು ಅದನ್ನು ಪಕ್ಕಕ್ಕಿಡಿ. ಯಾರಿಗೂ ಕೇಡು ಮಾಡಬಾರದು ಎನ್ನುವುದು ಇವರ ಮೂಲ ನಿಯಮ. ಇದೇ ವಿಕ್ಟೋರಿಯಾ ರಾಜ್ಯದಲ್ಲಿ ಮಾಟದ ವಿರುದ್ಧದ ಹಳೆಯ ಕಾನೂನು 2005ರವರೆಗೂ ಪುಸ್ತಕದಲ್ಲಿ ಉಳಿದಿತ್ತು. ನೆರೆಯವರನ್ನು ಅಂಥ ಕಣ್ಣಿಂದ ನೋಡಿದ್ದು ನಾವು ಮಾತ್ರ ಅಲ್ಲ.

ವಿಕ್ಕಾದಲ್ಲಿ ವರ್ಷಕ್ಕೆ ಎಂಟು ಹಬ್ಬ. ಇದನ್ನು ವರ್ಷದ ಚಕ್ರ ಅನ್ನುತ್ತಾರೆ. ಅತಿ ಉದ್ದದ ರಾತ್ರಿಗೆ ಯೂಲ್, ಅತಿ ಉದ್ದದ ಹಗಲಿಗೆ ಲಿಥಾ. ಹಗಲು ರಾತ್ರಿ ಸಮ ಆಗುವ ಎರಡು ದಿನಕ್ಕೆ ಓಸ್ಟಾರಾ ಮತ್ತು ಮೇಬನ್. ಇವುಗಳ ನಡುನಡುವೆ ಇಂಬೋಲ್ಕ್, ಬೆಲ್ಟೇನ್, ಲಾಮಸ್, ಸಾವಿನ್. ಈ ಕೊನೆಯದನ್ನು ಇಂಗ್ಲಿಷ್ ಅಕ್ಷರದಲ್ಲಿ ನೋಡಿದರೆ 'ಸಮ್ಹೈನ್' ಎಂದು ಓದುತ್ತೇವೆ. ಆದರೆ ಅದು ಐರಿಶ್ ಪದ, ಹೆಚ್ಚು ಕಡಿಮೆ 'ಸಾವಿನ್' ಅನ್ನುತ್ತಾರೆ. ತೀರಿಹೋದವರನ್ನು ನೆನೆಯುವ ಹಬ್ಬ ಅದು. ಊಟದ ಮೇಜಿನಲ್ಲಿ ಅವರಿಗೆಂದು ಒಂದು ತಟ್ಟೆ ಬಡಿಸಿ ಇಡುತ್ತಾರೆ, ಕೆಲವರು ಮಾತಿಲ್ಲದೆ ಊಟ ಮಾಡುತ್ತಾರೆ. ಐರಿಶ್‌ನಲ್ಲಿ ಆ ಪದಕ್ಕೆ 'ಬೇಸಿಗೆಯ ಕೊನೆ' ಎಂದು ಅರ್ಥ ಹೇಳುವುದು ವಾಡಿಕೆ. ನಮ್ಮ 'ಸಾವು' ಪದಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಮೊದಲ ಸಲ ಕಿವಿಗೆ ಬಿದ್ದಾಗ ಮೈ ಜುಮ್ ಅಂದದ್ದು ನಿಜ. ಮಹಾಲಯ ಅಮಾವಾಸ್ಯೆಗೆ ಅಜ್ಜಿ ಎಡೆ ಇಡುತ್ತಿದ್ದದ್ದು ಕಣ್ಣ ಮುಂದೆ ಬಂತು.

ಈ ಎಂಟೂ ಹಬ್ಬ ಸಾವಿರಾರು ವರ್ಷದಿಂದ ಹೀಗೇ ನಡೆದು ಬಂದಿವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೆಲ್ಟೇನ್, ಸಾವಿನ್‌ನಂಥ ಹಬ್ಬಗಳ ಹೆಸರು ಐರ್ಲೆಂಡಿನ ಹಳೆಯ ಬರಹಗಳಲ್ಲಿವೆ. ಯೂಲ್ ಉತ್ತರ ಯುರೋಪಿನದು. ಎಂಟನ್ನೂ ಒಂದು ಚಕ್ರವಾಗಿ ಕಟ್ಟಿದ್ದು ಮಾತ್ರ ಇಪ್ಪತ್ತನೆಯ ಶತಮಾನದಲ್ಲಿ, ಇಂಗ್ಲೆಂಡಿನಲ್ಲಿ. ವಿಕ್ಕಾವನ್ನು ಜನರ ಮುಂದಿಟ್ಟ ಜೆರಾಲ್ಡ್ ಗಾರ್ಡ್ನರ್ ಎನ್ನುವವರು ಮಲಯಾದಲ್ಲಿ ಕಸ್ಟಮ್ಸ್ ಅಧಿಕಾರಿಯಾಗಿದ್ದು, ನಿವೃತ್ತರಾಗಿ ಊರಿಗೆ ಮರಳಿದವರು. ಬ್ರಿಟನ್ನಿನ ಮಾಟದ ಕಾನೂನು 1951ರಲ್ಲಿ ರದ್ದಾಯಿತು. 1954ರಲ್ಲಿ ಅವರು ವಿಕ್ಕಾ ಬಗ್ಗೆ ಪುಸ್ತಕ ತಂದರು. 1958ರಲ್ಲಿ ಲಂಡನ್ ಹತ್ತಿರದ ಬ್ರಿಕೆಟ್ ವುಡ್‌ನಲ್ಲಿದ್ದ ಅವರ ಗುಂಪು ಎಂಟೂ ಹಬ್ಬಕ್ಕೆ ಸಮನಾದ ಜಾಗ ಕೊಟ್ಟಿತು. ಮೇಬನ್ ಎನ್ನುವ ಹೆಸರಂತೂ 1970ರ ದಶಕದಲ್ಲಿ ಏಡನ್ ಕೆಲ್ಲಿ ಎಂಬ ಅಮೆರಿಕದವರು ಇಟ್ಟದ್ದು. ಇದನ್ನು ಮುಚ್ಚಿಡುವ ವಿಕ್ಕಾದವರನ್ನು ಕಂಡರೆ ನನಗೆ ಬೇಸರ. ಪಕ್ಕದ ಮನೆಯವರು ಮುಚ್ಚಿಡಲ್ಲ. "ನಮ್ಮದು ನನ್ನಷ್ಟೇ ವಯಸ್ಸಿನ ಚಕ್ರ" ಅಂದರು. ಅವರಿಗೆ ಎಪ್ಪತ್ತರ ಹತ್ತಿರ.

ಈಗ ನಾನು ನಿಜವಾಗಿ ಹೇಳಬೇಕಾದ ವಿಷಯ. ಇಂಗ್ಲೆಂಡಿನಲ್ಲಿ ಕಟ್ಟಿದ ಈ ಚಕ್ರ ಆಸ್ಟ್ರೇಲಿಯಾಕ್ಕೆ ಬಂದಾಗ ತಲೆಕೆಳಗಾಯಿತು. ಇಲ್ಲಿ ಡಿಸೆಂಬರ್ ಅಂದರೆ ಸುಡು ಬೇಸಿಗೆ. ಆಗ ಯೂಲ್ ಕೊರಡು ಹಚ್ಚಿ "ಬೆಳಕೇ, ಬೇಗ ಬಾ" ಎಂದು ಕರೆಯುವುದರಲ್ಲಿ ಏನು ಅರ್ಥ? ಕೆಲವರು ಇವತ್ತಿಗೂ ಉತ್ತರದ ತಾರೀಖನ್ನೇ ಹಿಡಿದಿದ್ದಾರೆ, ಪ್ರಪಂಚದ ಎಲ್ಲರೂ ಒಂದೇ ದಿನ ಮಾಡಬೇಕು ಅನ್ನುವ ಆಸೆಗೆ. ಬಹಳಷ್ಟು ಜನ ಆರು ತಿಂಗಳು ತಿರುಗಿಸಿಬಿಟ್ಟರು. ನನ್ನ ಪ್ರಕಾರ ತಿರುಗಿಸಿದವರೇ ಸರಿ.

ಅಕ್ಟೋಬರ್ ಕೊನೆಗೆ, ಉತ್ತರದಲ್ಲಿ ಸಾವಿನ್ ಬರುವ ಹೊತ್ತಿಗೆ, ಇಲ್ಲಿನ ಅಂಗಡಿಗಳಲ್ಲಿ ಹ್ಯಾಲೋವೀನ್ ತಲೆಬುರುಡೆ ನೇತಾಡುತ್ತಿರುತ್ತದೆ. ಹೊರಗೆ ನೋಡಿದರೆ ಗುಲಾಬಿ ಅರಳಿರುತ್ತದೆ. ಪಕ್ಕದ ಮನೆಯವರು ಅವತ್ತು ಬೆಲ್ಟೇನ್ ಮಾಡುತ್ತಾರೆ, ಹೂವಿನ ಹಬ್ಬ. ಅವರ ಸಾವಿನ್ ಏಪ್ರಿಲ್ 30ಕ್ಕೆ. ಐದು ದಿನ ಮುಂಚೆ, ಏಪ್ರಿಲ್ 25ರ ನಸುಕಿನಲ್ಲಿ, ಇಡೀ ದೇಶ ಆನ್‌ಜ್ಯಾಕ್ ದಿನ ಎಂದು ಯುದ್ಧದಲ್ಲಿ ಮಡಿದವರನ್ನು ನೆನೆದಿರುತ್ತದೆ. ಎಲೆ ಉದುರುವ, ಚಳಿ ಶುರುವಾಗುವ ಹೊತ್ತು. ತೀರಿಹೋದವರ ನೆನಪಿಗೆ ಅದಕ್ಕಿಂತ ಒಳ್ಳೆ ಸಮಯ ಈ ಊರಿನಲ್ಲಿ ಇಲ್ಲ. ಇಂಬೋಲ್ಕ್ ಬರುವುದು ಆಗಸ್ಟ್ ಮೊದಲಿಗೆ. ಆಗ ರಸ್ತೆ ಬದಿಯ ವಾಟಲ್ ಮರಗಳು ಹಳದಿ ಹೂ ಬಿಟ್ಟು ನಿಂತಿರುತ್ತವೆ.

ತಾರೀಖು ತಿರುಗಿಸಿದರೆ ಮುಗಿಯಿತು ಅಂತಲೂ ಅಲ್ಲ. ಯುರೋಪಿನಲ್ಲಿ ಲಿಥಾ ಅಂದರೆ ದೊಡ್ಡ ಬೆಂಕಿ ಹಾಕುವ ಹಬ್ಬ. ಇಲ್ಲಿ ಡಿಸೆಂಬರ್‌ನಲ್ಲಿ ಕಾಡ್ಗಿಚ್ಚಿನ ಭಯ. ಬೆಂಕಿ ನಿಷೇಧ ಘೋಷಿಸಿದ ದಿನ ಬಯಲಲ್ಲಿ ಬೆಂಕಿ ಹಾಕುವುದು ಅಪರಾಧ. ಹಾಗಾಗಿ ಅವರು ಲಿಥಾ ಬೆಳಿಗ್ಗೆ ಗಿಡಗಳಿಗೆ ನೀರು ಹಾಕುತ್ತಾರೆ, ಹಕ್ಕಿಗಳಿಗೆ ಬಟ್ಟಲಲ್ಲಿ ನೀರು ತುಂಬಿಡುತ್ತಾರೆ. ಲಾಮಸ್ ಹೊಸ ಗೋಧಿಯ ಹಬ್ಬ, ತಿರುಗಿಸಿದರೆ ಫೆಬ್ರವರಿಗೆ ಬೀಳುತ್ತದೆ. ಆದರೆ ವಿಕ್ಟೋರಿಯಾದಲ್ಲಿ ಗೋಧಿ ಕೊಯ್ಲು ಹೆಚ್ಚಾಗಿ ಅಷ್ಟರೊಳಗೆ ಮುಗಿದಿರುತ್ತದೆ. ಅದನ್ನು ಇವರು ಇನ್ನೂ ಯೋಚಿಸುತ್ತಲೇ ಇದ್ದಾರೆ. ಈ ನೆಲದ ಮೂಲ ಜನ, ಕುಲಿನ್ ಬುಡಕಟ್ಟಿನವರು, ಇಲ್ಲಿನ ವರ್ಷವನ್ನು ಏಳು ಋತುಗಳಾಗಿ ಎಣಿಸುತ್ತಿದ್ದರು. ಎಂಟು ಸಮ ತುಂಡಿನ ಇಂಗ್ಲೆಂಡ್ ಚಕ್ರ ಈ ಮಣ್ಣಿನಲ್ಲಿ ಅಷ್ಟು ಸಲೀಸಾಗಿ ಕೂರುವುದಿಲ್ಲ.

ನನ್ನನ್ನು ಜಾಸ್ತಿ ಅಲುಗಾಡಿಸಿದ್ದು ಬೇರೆಯೇ. ಆ ಯೂಲ್ ರಾತ್ರಿ ಕೊರಡಿನ ಸುತ್ತ ಸುತ್ತು ಹಾಕುವಾಗ ಅವರೆಲ್ಲ ಎಡಕ್ಕೆ ತಿರುಗಿದರು. ನನ್ನ ಕಾಲು ನಿಂತುಬಿಟ್ಟಿತು. ಅಪ್ರದಕ್ಷಿಣೆ! ನಮ್ಮಲ್ಲಿ ಹಾಗೆ ಸುತ್ತುವುದು ಸಾವಿನ ಕರ್ಮದಲ್ಲಿ ಮಾತ್ರ. ಅವರು ಸಮಾಧಾನದಿಂದ ತೋರಿಸಿದರು: ಇಲ್ಲಿ ಸೂರ್ಯ ಮೂಡಣದಿಂದ ಹೊರಟು ಉತ್ತರದ ಆಕಾಶ ದಾಟಿ ಪಡುವಣಕ್ಕೆ ಹೋಗುತ್ತಾನೆ. ಸೂರ್ಯನ ದಾರಿಯಲ್ಲೇ ಸುತ್ತಬೇಕು ಅಂದರೆ ಎಡಕ್ಕೇ ಸುತ್ತಬೇಕು. ವಿಕ್ಕಾದಲ್ಲಿ ನೆಲ, ನೀರು, ಗಾಳಿ, ಬೆಂಕಿಗೆ ಒಂದೊಂದು ದಿಕ್ಕು. ಇಂಗ್ಲೆಂಡಿನಲ್ಲಿ ಬೆಂಕಿಯ ದಿಕ್ಕು ದಕ್ಷಿಣ. ಇವರು ಅದನ್ನು ಉತ್ತರಕ್ಕೆ ಇಟ್ಟಿದ್ದಾರೆ, ಬೇಸಿಗೆಯ ಬಿಸಿಗಾಳಿ ಇಲ್ಲಿ ಉತ್ತರದಿಂದಲೇ ಬೀಸುತ್ತದೆ. ಹನ್ನೊಂದು ವರ್ಷದಿಂದ ಈ ಊರಲ್ಲಿದ್ದೇನೆ. ಸೂರ್ಯ ಯಾವ ಕಡೆಯಿಂದ ಹೋಗುತ್ತಾನೆ ಎಂದು ಅವತ್ತಿನವರೆಗೆ ತಲೆ ಎತ್ತಿ ನೋಡಿರಲಿಲ್ಲ.

ನಾವು ಇಲ್ಲಿ ಸಂಕ್ರಾಂತಿ ಮಾಡುವುದು ಜನವರಿಯ ಬಿಸಿಲಲ್ಲಿ. ಎಳ್ಳು ಬೆಲ್ಲ ಚಳಿಗಾಲದ ತಿನಿಸು. ಇಲ್ಲಿ ಬೆಲ್ಲ ಅಂಟಂಟಾಗಿ ಡಬ್ಬಿಗೆ ಹಿಡಿದುಕೊಳ್ಳುತ್ತದೆ. ಉತ್ತರಾಯಣ ಬಂತು, ಹಗಲು ಬೆಳೆಯುತ್ತದೆ ಎಂದು ಮಕ್ಕಳಿಗೆ ಹೇಳುತ್ತೇವೆ. ಮೆಲ್ಬರ್ನ್‌ನಲ್ಲಿ ಸೂರ್ಯ ಉತ್ತರಕ್ಕೆ ಸರಿದರೆ ಹಗಲು ಕುಗ್ಗುತ್ತದೆ! ಭಾರತದಲ್ಲೂ ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21, 22ಕ್ಕೆ. ನಮ್ಮ ಪಂಚಾಂಗ ನಕ್ಷತ್ರಗಳ ಲೆಕ್ಕ ಹಿಡಿಯುವುದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಜಾರಿ ಜಾರಿ ನಮ್ಮ ಹಬ್ಬ ಜನವರಿ ಮಧ್ಯಕ್ಕೆ ಬಂದು ನಿಂತಿದೆ.

ಸಂಕ್ರಾಂತಿಯನ್ನು ಜೂನ್‌ಗೆ ತಳ್ಳಿ ಅಂತ ನಾನು ಹೇಳಲ್ಲ. ಅವತ್ತು ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಬೇಕು, ಅವರ ಮನೆಯಲ್ಲೂ ಅದೇ ದಿನ ಹಬ್ಬ ಇರಬೇಕು. ಅದು ನನಗೆ ಬೇಕು. ಆದರೆ ಇಲ್ಲೇ ಹುಟ್ಟಿ ಬೆಳೆಯುತ್ತಿರುವ ಮಗಳಿಗೆ ಈ ಆಕಾಶದ ಲೆಕ್ಕವೂ ಗೊತ್ತಿರಬೇಕು ಅಲ್ವಾ? ಈ ವರ್ಷ ಜೂನ್ 21ಕ್ಕೂ ನಾವು ಮನೆಯಲ್ಲಿ ಎಳ್ಳು ಬೆಲ್ಲ ಮಾಡುತ್ತಿದ್ದೇವೆ. ಅದು ಸಂಕ್ರಾಂತಿ ಅಲ್ಲ, ಹೆಸರು ಇನ್ನೂ ಇಟ್ಟಿಲ್ಲ.

ಅವತ್ತು ಹೊರಡುವಾಗ ಪಕ್ಕದ ಮನೆಯವರು ಅರ್ಧ ಸುಟ್ಟ ಕೊರಡಿನ ಒಂದು ಚೂರು ಕೈಗೆ ಕೊಟ್ಟರು. ಮುಂದಿನ ಯೂಲ್ ಬೆಂಕಿಯನ್ನು ಹಳೆಯ ಚೂರಿನಿಂದಲೇ ಹಚ್ಚುವುದು ಪದ್ಧತಿ, ಅಲ್ಲಿಯವರೆಗೆ ಯಾರಾದರೂ ಜೋಪಾನ ಮಾಡಬೇಕು. ಅದು ನಮ್ಮ ದೇವರ ಮನೆಯ ಕೆಳಗಿನ ಗೂಡಿನಲ್ಲಿದೆ. ಮಗಳು ಅದನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾಳೆ.