ಚೀಲದೊಳಗಿನ ಅಡಿಕೆ, ಪರದೆಯ ಮೇಲಿನ ಹೆಸರು

ವೇದಿಕೆಯಲ್ಲಿರುವ ಹಿರಿಯರೆ, ಸಭೆಯಲ್ಲಿರುವ ಬಂಧುಗಳೆ, ಕಾಲೇಜಿನಿಂದ ಬಂದಿರುವ ವಿದ್ಯಾರ್ಥಿ ಮಿತ್ರರೆ,

ಕಾಸರಗೋಡಿನ ಬದಿಯಡ್ಕದಲ್ಲಿ ಮೂವತ್ತು ವರ್ಷಗಳಿಂದ ಅಡಿಕೆ ವ್ಯಾಪಾರ ಮಾಡಿಕೊಂಡಿರುವ ನನ್ನನ್ನು ಸಾಫ್ಟ್‌ವೇರ್ ಪರೀಕ್ಷೆಯ ಬಗ್ಗೆ, ಅಂದರೆ ತಂತ್ರಾಂಶದಲ್ಲಿ ತಪ್ಪುಗಳಿವೆಯೇ ಎಂದು ಹುಡುಕುವ ಕೆಲಸದ ಬಗ್ಗೆ ಮಾತನಾಡಲು ಕರೆದಿದ್ದೀರಿ. ಕಳೆದ ವರ್ಷ ಬೆಂಗಳೂರಿನಲ್ಲಿ ಪರೀಕ್ಷಕರು ತಾವು ತಾವೇ ಸೇರಿ ನಡೆಸಿದ ಎರಡು ದಿನಗಳ ಸಮ್ಮೇಳನಕ್ಕೆ ನಮ್ಮ ಅಂಗಡಿಯಿಂದ ಒಂದು ಹೊತ್ತಿನ ಊಟದ ವೆಚ್ಚ ಕೊಟ್ಟಿದ್ದೆವು. ಪ್ರಾಯೋಜಕರ ಹೆಸರು ಬ್ಯಾನರಿನಲ್ಲಿ ಬಂದರೆ ಸಾಕು, ಅವರು ಬರಬೇಕೆಂದೇನೂ ಇಲ್ಲ ಎಂದು ಸಂಘಟಕರು ವಿನಯದಿಂದಲೇ ಹೇಳಿದ್ದರು. ಆದರೂ ನಾನು ಹೋದೆ, ಎರಡು ದಿನವೂ ಕುಳಿತೆ. ಹಣ ಕೊಟ್ಟವನು ಹೋಗಿ ಕುಳಿತುಕೊಳ್ಳಬೇಕು, ಕೇಳಬೇಕು, ತಿಳಿಯದಿದ್ದರೆ ಎದ್ದು ನಿಂತು ಪ್ರಶ್ನೆ ಹಾಕಬೇಕು ಎಂಬುದನ್ನು ನಿಮ್ಮ ಮುಂದೆ ಇಡುವುದಕ್ಕಾಗಿಯೇ ಇಂದು ಬಂದಿದ್ದೇನೆ.

ಮೊದಲು ಹೋದದ್ದೇಕೆ ಎಂಬುದನ್ನು ಹೇಳುತ್ತೇನೆ. ನಮ್ಮಲ್ಲಿ ಲೆಕ್ಕವನ್ನು ಪುಸ್ತಕದಿಂದ ಕಂಪ್ಯೂಟರಿಗೆ ತಂದ ಮೊದಲ ವರ್ಷ, ಕೃಷಿಕರೊಬ್ಬರು ಚೀಟಿ ಹಿಡಿದುಕೊಂಡು ಬಂದರು. ಹೆಸರು ಬೇರೆ ಇತ್ತು, ಇಲ್ಲಿ ಕೊರಗಪ್ಪಣ್ಣ ಎಂದಿಟ್ಟುಕೊಳ್ಳೋಣ. ಅವರು ಮುಂಗಡ ಪಡೆದದ್ದು ಒಂದು ಖಾತೆಯಲ್ಲಿತ್ತು, ಅಡಿಕೆ ಕೊಟ್ಟದ್ದು ಇನ್ನೊಂದು ಖಾತೆಯಲ್ಲಿತ್ತು. ಪರದೆಯ ಮೇಲೆ ಎರಡೂ ಕಡೆ ಅದೇ ಐದು ಅಕ್ಷರ, ಅದೇ ಒತ್ತು. “ಅಣ್ಣ, ನಾನೊಬ್ಬನೇ ಉಂಟಲ್ಲ, ಇಬ್ಬರು ಹೇಗೆ ಆದದ್ದು?” ಎಂದು ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ತಂತ್ರಾಂಶ ಮಾರಿದವರು ನಮ್ಮ ಗುಮಾಸ್ತನದೇ ತಪ್ಪು ಎಂದು ಫೋನು ಇಟ್ಟರು. ಆ ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಕಾರಣ ಕಂಡುಹಿಡಿದದ್ದು ಬೆಂಗಳೂರಿನಲ್ಲಿ ಪರೀಕ್ಷಕಿಯಾಗಿರುವ, ರಜೆಯಲ್ಲಿ ಊರಿಗೆ ಬಂದಿದ್ದ ನಮ್ಮ ನೆರೆಮನೆಯ ಹುಡುಗಿ. ಕಂಪ್ಯೂಟರಿನಲ್ಲಿ ಲಿಪಿಗಳ ಒಂದೊಂದು ಚಿಹ್ನೆಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡಕ್ಕೆಂದು 128 ಸ್ಥಾನಗಳಿವೆ. ‘ಕೊ’ ಎಂಬುದರಲ್ಲಿರುವ ಒತ್ವವನ್ನು ಅಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಕೊಂಬು ಎಂಬ ಎರಡು ಚಿಹ್ನೆಗಳನ್ನು ಒಂದರ ಹಿಂದೆ ಒಂದಿಟ್ಟೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳದ ತಂತ್ರಾಂಶಕ್ಕೆ ಮಾತ್ರ ಅವರು ಇಬ್ಬರು ಬೇರೆ ಬೇರೆ ಮನುಷ್ಯರು. ನಮ್ಮಲ್ಲಿ ಒಂದು ಹೆಸರು ಕಂಪ್ಯೂಟರಿನಲ್ಲಿ ಒಂದು ಕೀಲಿಮಣೆಯಿಂದ ಬಂದಿತ್ತು, ಇನ್ನೊಂದು ಬೇರೊಂದು ಕಡೆಯಿಂದ ನಕಲಾಗಿ ಬಂದಿತ್ತು. ಗುಮಾಸ್ತನ ತಪ್ಪು ಏನೇನೂ ಇರಲಿಲ್ಲ. ಹುಡುಗಿ ಅರ್ಧ ಗಂಟೆಯಲ್ಲಿ ಅದನ್ನು ತೋರಿಸಿದಾಗ ಅವನ ಮುಖ ಅರಳಿದ್ದನ್ನು ನಾನು ಮರೆತಿಲ್ಲ. ಅವಳೇ ಆ ಸಮ್ಮೇಳನದ ವಿಷಯ ಹೇಳಿದವಳು.

ಸಮ್ಮೇಳನದಲ್ಲಿ ಪ್ರಾಯೋಜಕರಿಗೆಲ್ಲ ಒಂದೊಂದು ಮೇಜು ಕೊಟ್ಟಿದ್ದರು. ಉಳಿದವರು ಕರಪತ್ರ, ಪೆನ್ನು, ಅಂಗಿಗಳನ್ನು ಇಟ್ಟಿದ್ದರು. ನಾನು ಹಾಳೆತಟ್ಟೆಗಳಲ್ಲಿ ಅಡಿಕೆ ಇಟ್ಟಿದ್ದೆ: ಒಂದರಲ್ಲಿ ಒಣಗಿಸಿ ಸುಲಿದ ಒಳ್ಳೆಯ ಬಿಳಿ ಚಾಲಿ, ಒಂದರಲ್ಲಿ ಬಿರುಕು ಬಿಟ್ಟ ಪಟೋರ, ಇನ್ನೆರಡರಲ್ಲಿ ಕಳಪೆ ದರ್ಜೆಯ ಕೋಕ ಮತ್ತು ಕರಿಗೋಟು, ಪಕ್ಕದಲ್ಲಿ ಅಜ್ಜನ ಕಾಲದ ಅಡಕತ್ತರಿ. ಪರೀಕ್ಷಕರಲ್ಲವೇ, ಸುಮ್ಮನೆ ನೋಡಿ ಹೋಗುವ ಜಾತಿಯವರಲ್ಲ. ಒಬ್ಬರು ಅಡಿಕೆಯನ್ನು ಕಿವಿಯ ಬಳಿ ಅಲುಗಾಡಿಸಿದರು, ಒಬ್ಬರು ಮೂಸಿದರು, ಒಬ್ಬರು ಎಲ್ಲ ತಟ್ಟೆಗಳದನ್ನೂ ಬೆರೆಸಿ “ಈಗ ಬೇರ್ಪಡಿಸಿ ತೋರಿಸಿ” ಎಂದರು. ತೋರಿಸಿದೆ. ಆಗ ಇಪ್ಪತ್ತೈದರ ಆಸುಪಾಸಿನ ಹುಡುಗಿಯೊಬ್ಬಳು ಎರಡು ಅಡಿಕೆಗಳನ್ನು ಅಂಗೈಯಲ್ಲಿಟ್ಟುಕೊಂಡು, “ಸರ್, ಹೊರಗಿನಿಂದ ಎರಡೂ ಒಂದೇ ಥರ ಇವೆ. ಒಂದು ಒಳಗೆ ಕೆಟ್ಟಿದೆ ಅಂತ ಕತ್ತರಿಸದೆ ಹೇಗೆ ಹೇಳಿದಿರಿ?” ಎಂದು ಕೇಳಿದಳು.

ನಮ್ಮ ಗೋದಾಮಿನಲ್ಲಿ ಅಡಿಕೆ ಗಾರ್ಬಲ್ ಮಾಡುವ, ಅಂದರೆ ದರ್ಜೆಗೆ ತಕ್ಕಂತೆ ಬೇರ್ಪಡಿಸುವ ಹಿರಿಯಕ್ಕ ಒಬ್ಬರಿದ್ದಾರೆ. ರಾಶಿಯ ಮುಂದೆ ಚಕ್ಕಳಮಕ್ಕಳ ಕುಳಿತು, ಎಡಗೈಯಲ್ಲಿ ಬಾಚಿ ಬಲಗೈಯಲ್ಲಿ ಎಸೆಯುತ್ತಾ ಹೋದರೆ ಒಂದೊಂದು ಅಡಿಕೆಯೂ ಅದರದರ ಬುಟ್ಟಿಗೇ ಬೀಳುತ್ತದೆ. ನಡುವೆ ಥಟ್ಟನೆ ಕೈ ನಿಲ್ಲಿಸಿ, “ಅಣ್ಣ, ಇದು ಕೈಗೆ ಹಗುರ ಉಂಟು, ಒಡೆದು ನೋಡಿ” ಎನ್ನುತ್ತಾರೆ. ಒಡೆದರೆ ಒಳಗೆ ಕಪ್ಪು. ಅಂಥ ಎರಡು ಸಿಕ್ಕಿದರೆ ಅವರು ಅಲ್ಲಿಗೇ ಬಿಡುವುದಿಲ್ಲ. ಆ ಚೀಲ ಯಾವ ತೋಟದ್ದು, ಅಂಗಳದಲ್ಲಿ ಒಣಗುವ ನಲವತ್ತು ದಿನದೊಳಗೆ ಮಳೆ ಬಂದಿತ್ತೇ ಎಂದು ವಿಚಾರಿಸುತ್ತಾರೆ. ಇದನ್ನೆಲ್ಲ ಹೇಳಿದಾಗ ಆ ಹುಡುಗಿ ತನ್ನ ಪುಸ್ತಕ ತೆರೆದು ಬರೆದುಕೊಂಡಳು, ಬರೆದುಕೊಂಡು ಗೆಳತಿಯರನ್ನು ಕರೆದುಕೊಂಡು ಬಂದಳು. ಒಂದು ತಪ್ಪು ಸಿಕ್ಕಿದರೆ ಅದರ ಸುತ್ತಮುತ್ತ ಇನ್ನಷ್ಟು ಇರುತ್ತವೆ ಎಂಬುದು ಅವರ ಕಸುಬಿನಲ್ಲೂ ಇರುವ ತಿಳಿವಳಿಕೆಯಂತೆ. ಊಟದ ಗಂಟೆ ಹೊಡೆದ ಮೇಲೂ ಎಂಟು ಹತ್ತು ಜನ ಮೇಜಿನ ಸುತ್ತ ನಿಂತೇ ಇದ್ದರು. ನನ್ನ ಬದುಕಿನಲ್ಲಿ ನನ್ನ ಕಸುಬಿನ ಬಗ್ಗೆ ಅಷ್ಟು ಒಳ್ಳೆಯ ಪ್ರಶ್ನೆಗಳನ್ನು ಯಾರೂ ಕೇಳಿರಲಿಲ್ಲ.

ಡೈಕ್‌ಸ್ಟ್ರಾ ಎಂಬ ಡಚ್ ಗಣಕ ವಿಜ್ಞಾನಿ 1969ರಲ್ಲೇ ಒಂದು ಮಾತು ಹೇಳಿದ್ದನ್ನು ಅಲ್ಲಿ ಎರಡು ಮೂರು ಉಪನ್ಯಾಸಗಳಲ್ಲಿ ಕೇಳಿದೆ: ಪರೀಕ್ಷೆಯಿಂದ ತಪ್ಪು ಇದೆ ಎಂಬುದನ್ನು ತೋರಿಸಬಹುದು, ಇಲ್ಲ ಎಂಬುದನ್ನು ತೋರಿಸಲಾಗದು. ಚೀಲದಿಂದ ಇಪ್ಪತ್ತು ಅಡಿಕೆ ಕತ್ತರಿಸಿ ಇಪ್ಪತ್ತೂ ಬೆಳ್ಳಗಿದ್ದರೆ ಇಡೀ ಚೀಲ ಒಳ್ಳೆಯದು ಎಂದು ಯಾವ ವ್ಯಾಪಾರಿಯೂ ಆಣೆ ಹಾಕುವುದಿಲ್ಲ. ಕೋಕ ಒಂದು ಸಿಕ್ಕಿದರೆ ಮಾತ್ರ ಇದೆ ಎಂದು ಧೈರ್ಯವಾಗಿ ಹೇಳುತ್ತಾನೆ. ಆದ್ದರಿಂದ ಯಾವ ಇಪ್ಪತ್ತನ್ನು ಕತ್ತರಿಸಬೇಕು ಎಂಬುದರಲ್ಲೇ ಎಲ್ಲವೂ ಇದೆ, ಮೇಲಿನ ಪದರದಿಂದಲೇ ಎತ್ತಿದರೆ ಚೀಲದ ತಳ ಕಾಣುವುದಿಲ್ಲ.

1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲಿ ಒಂದು ನಿಮಿಷವೂ ಉಳಿಯದೆ ಸಿಡಿದದ್ದು ಚೀಲದ ತಳವನ್ನು ನೋಡದಿದ್ದುದರಿಂದಲೇ. ಏರಿಯಾನ್ 4ರಲ್ಲಿ ವರ್ಷಗಟ್ಟಲೆ ಚೆನ್ನಾಗಿ ನಡೆದ ತಂತ್ರಾಂಶವನ್ನು ಹೊಸದಕ್ಕೂ ಇಟ್ಟಿದ್ದರು; ಹೊಸ ರಾಕೆಟ್ಟಿನ ಅಡ್ಡ ವೇಗ ಹೆಚ್ಚು, 64 ಬಿಟ್ಟಿನ ಆ ಸಂಖ್ಯೆ 16 ಬಿಟ್ಟಿನ ಜಾಗದಲ್ಲಿ ಹಿಡಿಸಲಿಲ್ಲ. ಹೊಸ ಹಾದಿಯ ಲೆಕ್ಕವನ್ನು ಆ ತಂತ್ರಾಂಶಕ್ಕೆ ಉಣಿಸಿ ಮೊದಲೇ ನೋಡಿರಲಿಲ್ಲ. ಇದನ್ನು ಹೇಳಿದ ಭಾಷಣಕಾರರು ಯಾರನ್ನೂ ಹಳಿಯಲಿಲ್ಲ, ಅದರ ಬೆನ್ನಿಗೇ ತಮ್ಮ ಕೈಯಿಂದ ತಪ್ಪಿಹೋದ ದೋಷಗಳನ್ನು ಒಂದೊಂದಾಗಿ ಹೇಳಿಕೊಂಡರು. ನೂರಾರು ಜನ ರಜೆ ಹಾಕಿ, ಹಲವರು ಸ್ವಂತ ಖರ್ಚಿನಲ್ಲಿ ಬಂದು, ತಾವು ಕಾಣದೆ ಹೋದದ್ದನ್ನು ಮೈಕಿನಲ್ಲಿ ಹೇಳುವ ಸಭೆಯನ್ನು ನಾನು ಬೇರೆಲ್ಲೂ ನೋಡಿಲ್ಲ. ನಮ್ಮ ವ್ಯಾಪಾರಿಗಳ ಸಭೆಗಳಲ್ಲಿ ನಾವು ಲಾಭವನ್ನಷ್ಟೇ ಹೇಳುತ್ತೇವೆ. ಅಂಥವರು ಸೇರುವುದಕ್ಕೆ ಒಂದು ಹೊತ್ತಿನ ಅನ್ನ ಹಾಕುವುದು ದಾನವಲ್ಲ ಬಂಧುಗಳೆ, ನಮ್ಮ ಲೆಕ್ಕ, ನಮ್ಮ ಹೆಸರು, ನಮ್ಮ ಆಸ್ಪತ್ರೆಯ ಚೀಟಿ ಎಲ್ಲವೂ ಅವರ ಕೈ ದಾಟಿಯೇ ನಮಗೆ ಬರುತ್ತವೆ.

ಎರಡನೆಯ ದಿನ ಮಧ್ಯಾಹ್ನ, ಯಾರು ಬೇಕಾದರೂ ವಿಷಯ ಎತ್ತಿ ಮಾತನಾಡಬಹುದಾದ ಹೊತ್ತಿತ್ತು. ನಾನು ಎದ್ದು ಕಾಸರಗೋಡಿನ ಹೆಸರುಗಳ ವಿಷಯ ಹೇಳಿದೆ. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ಒಬ್ಬೊಬ್ಬರಿಗೂ ಮೂರು ಬರವಣಿಗೆ: ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ಬ್ಯಾಂಕಿನಲ್ಲಿ ಇಂಗ್ಲಿಷ್, ಮನೆಯಲ್ಲಿ ಆಡುವುದು ತುಳುವೋ ಕೊಂಕಣಿಯೋ ಬ್ಯಾರಿಯೋ ಆಗಿರುತ್ತದೆ. ನೀರ್ಚಾಲಿನ ಪಕ್ಕದ ‘ಬೇಳ’ ಎಂಬ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಯಂತ್ರದಿಂದ ಮತ್ತೆ ಕನ್ನಡಕ್ಕೆ ತಂದರೆ ‘ಬೆಲ’ ಆಗಬಹುದು. ಮನೆತನದ ಹೆಸರನ್ನು ಬರೆಯದವರಿಗೆ ‘ಸರ್‌ನೇಮ್’ ತುಂಬದೆ ಅರ್ಜಿ ಮುಂದೆ ಹೋಗುವುದಿಲ್ಲ. ‘ರ‍್ಯಾಂಕ್’ ಎಂದು ಬರೆಯಲು ರಕಾರದ ಬಳಿ ಕಣ್ಣಿಗೆ ಕಾಣದ ಒಂದು ಚಿಹ್ನೆ ಬೇಕು, ಅನವಶ್ಯಕವೆಂದು ತಂತ್ರಾಂಶ ಅದನ್ನು ಅಳಿಸಿದರೆ ಅರ್ಕಾವತ್ತು ಬಂದು ಕೂರುತ್ತದೆ. ಸಭೆ ಗಂಭೀರವಾಗಿ ಆಲಿಸಿತು. ಇಂಥವನ್ನು ಬೆಂಗಳೂರಿನಲ್ಲಿ ಕುಳಿತು ಊಹಿಸುವುದು ಕಷ್ಟ, ನಿಮ್ಮಲ್ಲಿನ ಹುಡುಗರು ಏಕೆ ಈ ಕೆಲಸಕ್ಕೆ ಬರುತ್ತಿಲ್ಲ ಎಂದು ಒಬ್ಬರು ಕೇಳಿದರು.

ಆ ಪ್ರಶ್ನೆಯನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ, ವಿದ್ಯಾರ್ಥಿ ಮಿತ್ರರೆ. ಬೆಳಗ್ಗೆ ತುಳುವಿನಲ್ಲಿ ಎದ್ದು, ಕನ್ನಡದಲ್ಲಿ ಓದಿ, ಬಸ್ಸಿನಲ್ಲಿ ಮಲಯಾಳ ಆಡಿ ಬರುವ ನಿಮಗೆ ಒಂದೇ ಮಾತು ಮೂರು ರೂಪದಲ್ಲಿ ಹೇಗೆ ಕಾಣುತ್ತದೆ, ಎಲ್ಲಿ ಕೆಡುತ್ತದೆ ಎಂಬುದು ಯಾರೂ ಕಲಿಸದೆ ಬಂದ ವಿದ್ಯೆ. ನಮ್ಮ ಹಿರಿಯಕ್ಕನ ಕೈಯಲ್ಲಿರುವ ತೂಕದ ಹಾಗೆಯೇ ಅದು. ಕೋಡಿನ ಭಾಷೆಯನ್ನು ಆಮೇಲೆ ಕಲಿಯಬಹುದು.

ಸಮಯವಾಯಿತೆಂದು ಚೀಟಿ ಬಂದಿದೆ. ಕೆಲಸ ಸಿಗುವ ಬಗೆ, ಸಂಬಳ, ಯಂತ್ರವೇ ಯಂತ್ರವನ್ನು ಪರೀಕ್ಷಿಸುವ ಹೊಸ ವಿಧಾನ ಇವುಗಳ ಬಗ್ಗೆಯೂ ಬರೆದುಕೊಂಡು ಬಂದಿದ್ದೆ. ಅವನ್ನು ನನಗಿಂತ ನಮ್ಮ ನೆರೆಮನೆಯ ಹುಡುಗಿಯೇ ಚೆನ್ನಾಗಿ ಹೇಳಬಲ್ಲಳು, ಮುಂದಿನ ರಜೆಗೆ ಬಂದಾಗ ಹೇಳುವುದಾಗಿ ಒಪ್ಪಿಕೊಂಡಿದ್ದಾಳೆ. ನಮ್ಮ ಗೋದಾಮಿನ ಪಕ್ಕದ ಕೋಣೆ ಭಾನುವಾರಗಳಲ್ಲಿ ಖಾಲಿಯಿರುತ್ತದೆ. ನಾಲ್ಕು ಮೇಜು, ಇಂಟರ್ನೆಟ್ಟು, ಬೆಲ್ಲದ ಕಾಫಿ ನಮ್ಮದು. ನಿಮ್ಮ ನಿಮ್ಮ ಫೋನು ತನ್ನಿ. ಮನೆಯ ಹಿರಿಯರೊಬ್ಬರ ಹೆಸರನ್ನು ಅವರು ಬರೆಯುವ ಹಾಗೆಯೇ ಕಾಗದದಲ್ಲಿ ಬರೆಸಿಕೊಂಡು ಬನ್ನಿ. ನೀವು ದಿನವೂ ಬಳಸುವ ಒಂದು ಆಪ್‌ನಲ್ಲಿ ಆ ಹೆಸರನ್ನು ಹಾಕಿ, ಉಳಿಸಿ, ಹುಡುಕಿ, ಮುದ್ರಿಸಿ ನೋಡೋಣ.

ನಮಸ್ಕಾರ.