ಇಂಗ್ಲಿಷ್ ತರಗತಿಯಲ್ಲಿ ಮನೆಮಾತಿಗೂ ಜಾಗವಿರಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ವಿಶ್ವವಿದ್ಯಾಲಯ ಮಟ್ಟದ ಇಂಗ್ಲಿಷ್ ಬೋಧನೆಯಲ್ಲಿ ವೈವಿಧ್ಯ, ಸಮಾನತೆ ಮತ್ತು ಒಳಗೊಳ್ಳುವಿಕೆ ಎಂಬ ವಿಷಯವನ್ನು ನನಗೆ ಕೊಟ್ಟಿದ್ದಾರೆ. ಶೀರ್ಷಿಕೆ ಭಾರವಾಗಿದೆ, ವಿಷಯ ಅಷ್ಟೇನೂ ಕಠಿಣವಲ್ಲ. ಮುಂಬಯಿಯ ಯಾವುದಾದರೂ ಪದವಿ ಕಾಲೇಜಿನ ಮೊದಲ ವರ್ಷದ ತರಗತಿಯನ್ನು ಊಹಿಸಿಕೊಳ್ಳಿ. ಶಿಶುವಿಹಾರದಿಂದಲೇ ಇಂಗ್ಲಿಷಿನಲ್ಲಿ ಓದಿದವರು, ಮಹಾನಗರಪಾಲಿಕೆಯ ಮರಾಠಿ, ಉರ್ದು, ಕನ್ನಡ ಶಾಲೆಗಳಿಂದ ಬಂದವರು, ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದವರು ಅಲ್ಲಿ ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಎಲ್ಲರಿಗೂ ಒಂದೇ ಪಠ್ಯ, ಒಂದೇ ಪ್ರಶ್ನೆಪತ್ರಿಕೆ, ಒಂದೇ ವೇಗ. ಇದನ್ನೇ ನಾವು ಸಮಾನತೆ ಎಂದು ಹೇಳಿಕೊಂಡು ಬಂದಿದ್ದೇವೆ. ಆದರೆ ಬೇರೆ ಭಾಷೆಗಳನ್ನು ಬಾಗಿಲ ಹೊರಗೆ ಬಿಟ್ಟು ಬಾ ಎನ್ನುವ ತರಗತಿಯಲ್ಲಿ ಇಂಗ್ಲಿಷ್ ಮಾಧ್ಯಮದವನು ಏನನ್ನೂ ಬಿಡಬೇಕಾಗಿಲ್ಲ, ಕನ್ನಡ ಶಾಲೆಯವನು ತನಗೆ ತಿಳಿದಿರುವುದನ್ನೆಲ್ಲ ಬಿಟ್ಟು ಬರಬೇಕು. ನನ್ನ ಮಾತು ಇಷ್ಟೇ: ಇಂಗ್ಲಿಷ್ ಕಲಿಸುವ ಕೋಣೆಯೊಳಗೆ ಅವನ ಭಾಷೆಯೂ ಬರಲಿ.

1979ರಿಂದ 1984ರವರೆಗೆ ಇಂಗ್ಲಿಷ್ ಬೋಧನಾತಜ್ಞ ಎನ್. ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಭಾಷಾಬೋಧಕರು ಇಂದಿಗೂ ಅದನ್ನು ಬೆಂಗಳೂರು ಯೋಜನೆ ಎಂದೇ ಕರೆಯುತ್ತಾರೆ. ವ್ಯಾಕರಣದ ಸೂತ್ರಗಳನ್ನು ಬಾಯಿಪಾಠ ಮಾಡಿಸುವ ಬದಲು ನಕ್ಷೆ, ರೈಲು ವೇಳಾಪಟ್ಟಿಯಂಥವನ್ನು ಮುಂದಿಟ್ಟು, ಒಂದು ಸಮಸ್ಯೆಯನ್ನು ಬಿಡಿಸಲು ಹೇಳುವುದು ಅದರ ಕ್ರಮ.

ನಾನೂ ನನ್ನ ತರಗತಿಯಲ್ಲಿ ಆ ಕ್ರಮದಲ್ಲಿ ಒಂದು ಕೆಲಸ ಕೊಟ್ಟೆ. ಊರಿನಿಂದ ಮೊದಲ ಸಲ ಬಂದಿರುವ ನೆಂಟನೊಬ್ಬ ಮುಂಬಯಿ ಹೊರವಲಯದ ಡೊಂಬಿವಲಿಯಲ್ಲಿ ಉಳಿದುಕೊಂಡಿದ್ದಾನೆ, ಬೆಳಿಗ್ಗೆ ಹತ್ತು ಗಂಟೆಗೆ ನವಿ ಮುಂಬಯಿಯ ವಾಶಿಯಲ್ಲಿ ಅವನಿಗೆ ಸಂದರ್ಶನವಿದೆ, ಹೋಗುವ ದಾರಿಯನ್ನು ಇಂಗ್ಲಿಷಿನಲ್ಲಿ ಬರೆದುಕೊಡಿ ಎಂದೆ. ಗುಂಪಿನಲ್ಲಿ ಯಾವ ಭಾಷೆಯಲ್ಲಾದರೂ ಚರ್ಚಿಸಬಹುದು, ಕೊನೆಯ ಬರಹ ಮಾತ್ರ ಇಂಗ್ಲಿಷಿನಲ್ಲಿರಬೇಕು. ನಗರದ ದಕ್ಷಿಣ ಭಾಗದಿಂದ ಬರುತ್ತಿದ್ದ ಇಬ್ಬರು ಚೆಲುವಾದ ಇಂಗ್ಲಿಷಿನಲ್ಲಿ ಆ ಬಡಪಾಯಿಯನ್ನು ಕುರ್ಲಾದವರೆಗೆ ಕರೆತಂದು, ಅಲ್ಲಿಂದ ಹಾರ್ಬರ್ ಲೈನಿನ ಲೋಕಲ್ ರೈಲಿನಲ್ಲಿ ಹಿಂದಕ್ಕೆ ಕಳಿಸಿದರು. ಅದೇ ಗುಂಪಿನಲ್ಲಿ ಒಬ್ಬ ಹುಡುಗನಿದ್ದ. ಕನ್ನಡ ಮಾಧ್ಯಮದಲ್ಲಿ ಓದಿದವನು, ತಂದೆ ಹೋಟೆಲ್ ನೌಕರ, ಮನೆ ಡೊಂಬಿವಲಿಯಲ್ಲಿ. ತರಗತಿಯಲ್ಲಿ ಹಾಜರಿ ಕೂಗಿದಾಗಲಲ್ಲದೆ ಅವನ ದನಿಯನ್ನು ನಾನು ಕೇಳಿರಲಿಲ್ಲ. ಅವನು ಮೊದಲು ಪಕ್ಕದ ಹುಡುಗಿಯೊಡನೆ ಕನ್ನಡದಲ್ಲಿ ಗೊಣಗಿದ, ಆಮೇಲೆ ಮರಾಠಿಯಲ್ಲಿ ವಾದಕ್ಕಿಳಿದ. ಕುರ್ಲಾಕ್ಕಿಂತ ಮೊದಲೇ ಸಿಗುವ ಥಾಣೆಯಲ್ಲೇ ಇಳಿದು ಟ್ರಾನ್ಸ್‌ಹಾರ್ಬರ್ ಮಾರ್ಗದ ಗಾಡಿ ಹಿಡಿಯಬೇಕು, ಅಲ್ಲಿಯೂ ಸಿಕ್ಕಿದ ಗಾಡಿ ಹತ್ತಬಾರದು, ಪನ್ವೇಲಿನ ಗಾಡಿ ತುರ್ಭೆ ದಾಟಿದ ಮೇಲೆ ಬೇರೆ ದಾರಿ ಹಿಡಿಯುತ್ತದೆ ಎಂದು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದ. ಗುಂಪಿನ ಪರವಾಗಿ ಎದ್ದು ನಿಂತು ಓದಿದವನೂ ಅವನೇ: ‘ಡೋಂಟ್ ಕ್ಯಾಚ್ ಪನ್ವೇಲ್ ಟ್ರೇನ್, ಇಟ್ ಈಸ್ ನಾಟ್ ಗೋಯಿಂಗ್ ಟು ವಾಶಿ.’ ಈ ವಾಕ್ಯದಲ್ಲಿ ವ್ಯಾಕರಣದ ಒಂದೆರಡು ಕೊರತೆಗಳಿವೆ, ನಿಜ. ಆದರೆ ನೆಂಟ ಹೊತ್ತಿಗೆ ಸರಿಯಾಗಿ ವಾಶಿಗೆ ತಲಪುತ್ತಾನೆ. ಕೊರತೆಗಳನ್ನು ಮರುದಿನ ತಿದ್ದಿದೆವು. ತಿದ್ದಲು ಮೊದಲು ಒಂದು ವಾಕ್ಯವಿರಬೇಕಷ್ಟೆ. ಅದನ್ನು ಕೊಟ್ಟದ್ದು ಕನ್ನಡ ಮತ್ತು ಮರಾಠಿಯಲ್ಲಿ ನಡೆದ ಆ ಜಗಳ.

ನೀರಿಗಿಳಿಯದೆ ಈಜು ಬಾರದು, ಇಂಗ್ಲಿಷನ್ನು ಇಂಗ್ಲಿಷಿನಲ್ಲಿಯೇ ಕಲಿಸಬೇಕು ಎಂದು ಹಿರಿಯ ಸಹೋದ್ಯೋಗಿಗಳು ಪ್ರತಿ ಸಭೆಯಲ್ಲೂ ಹೇಳುತ್ತಾರೆ. ನೀರಿಗೆ ಇಳಿಸೋಣ ಸ್ವಾಮಿ, ಕೈಗಳನ್ನು ಕಟ್ಟಿಹಾಕಿ ಇಳಿಸುವುದೇಕೆ?

ಸಮಯ ಓಡುತ್ತಿರುವುದರಿಂದ ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯು ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡಾ 5ರಷ್ಟು ಸೀಟುಗಳನ್ನು ಕಾದಿರಿಸಿದೆ. ಸೀಟು ಕೊಟ್ಟು, ಪಾಠವನ್ನು ಮೊಬೈಲಿನಲ್ಲಿ ಫೋಟೋ ಹೊಡೆದು ಕಳಿಸಿದರೆ ದೃಷ್ಟಿಯಿಲ್ಲದ ವಿದ್ಯಾರ್ಥಿಯ ಕಂಪ್ಯೂಟರು ಅದನ್ನು ಸರಿಯಾಗಿ ಓದಿ ಹೇಳಲಾರದು. ಟೈಪು ಮಾಡಿದ ಪಾಠವನ್ನು ಕಳಿಸಿ, ಅದಕ್ಕೆ ಹಣವೇನೂ ಬೇಕಿಲ್ಲ. ಇನ್ನು ಉಚ್ಚಾರಣೆ. ಯುರೋಪಿನ ದೇಶಗಳು ಭಾಷಾಸಾಮರ್ಥ್ಯವನ್ನು ಅಳೆಯಲು ಇಟ್ಟುಕೊಂಡಿರುವ ಮಾನದಂಡವೇ 2018ರ ಪರಿಷ್ಕರಣೆಯಲ್ಲಿ, ಆ ಭಾಷೆಯನ್ನು ಹುಟ್ಟಿನಿಂದ ಆಡುವವರಂತೆಯೇ ನುಡಿಯಬೇಕೆಂಬ ಆದರ್ಶವನ್ನು ಕೈಬಿಟ್ಟಿತು. ಕೇಳಿದವರಿಗೆ ತಿಳಿದರೆ ಸಾಕು ಎಂದು ಅವರೇ ಒಪ್ಪಿರುವಾಗ, ಕನ್ನಡದ ಛಾಯೆಯಿರುವ ಇಂಗ್ಲಿಷಿಗೆ ಅಂಕ ಕಡಿಯುವ ನಮ್ಮ ಹುಮ್ಮಸ್ಸು ನನಗಂತೂ ಅರ್ಥವಾಗುವುದಿಲ್ಲ.

ಡೊಂಬಿವಲಿಯಲ್ಲೋ ಭಾಂಡುಪಿನಲ್ಲೋ ಕೇಳುತ್ತಿರುವ ತಂದೆತಾಯಿಯರೇ, ಮಗಳು ಇಂಗ್ಲಿಷ್ ಪುಸ್ತಕದ ಅಂಚಿನಲ್ಲಿ ಕನ್ನಡದಲ್ಲಿ ಟಿಪ್ಪಣಿ ಬರೆದುಕೊಂಡರೆ ದಯವಿಟ್ಟು ಗದರಬೇಡಿ; ಅವಳು ಪಾಠವನ್ನು ಅರ್ಥ ಮಾಡಿಕೊಳ್ಳುತ್ತಿದ್ದಾಳೆ. ಅಧ್ಯಾಪಕ ಮಿತ್ರರೇ, ನಾಳೆಯ ತರಗತಿಯಲ್ಲಿ ಹತ್ತು ನಿಮಿಷ ಅವರವರ ಭಾಷೆಯಲ್ಲಿ ಚರ್ಚಿಸಲು ಬಿಡಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಲು ಹೇಳಿ. ಗದ್ದಲವಾಗುತ್ತದೆಂದು ಪ್ರಾಂಶುಪಾಲರಿಗೆ ಮೊದಲೇ ತಿಳಿಸಿಡಿ.

ನಮಸ್ಕಾರ.